ಎರಡನೇ ಸೂಜಿ

“ಇದನ್ನ ಕುಲುಕಿದ್ರಾ?” ಲ್ಯಾಬಿನಿಂದ ವಾಪಸು ಬಂದ ಪುಟ್ಟ ರಕ್ತದ ನಳಿಗೆಯನ್ನು ನರ್ಸ್ ಬೆಳಕಿಗೆ ಹಿಡಿದಳು.

“ಬಣ್ಣ ಕುಲುಕದಿದ್ರೆ ತಳ ಹಿಡಿಯತ್ತಲ್ಲ ಸಿಸ್ಟರ್, ಇದೂ ಹಾಗೇ ಅನ್ಕೊಂಡೆ,” ಎಂದ ಪೇಂಟರ್. ಬೇಗ ತಲುಪಲಿ ಎಂದು ಮಗಳ ರಕ್ತವನ್ನು ತಾನೇ ಲ್ಯಾಬಿಗೆ ಒಯ್ದಿದ್ದ, ದಾರಿಯುದ್ದಕ್ಕೂ ಕುಲುಕುತ್ತಾ ಓಡಿದ್ದ. ರಕ್ತದ ಕಣಗಳು ಒಡೆದುಹೋಗಿದ್ದವು. ಸೋಂಕು ಎಷ್ಟು ಏರಿದೆ ಎಂದು ತಿಳಿಯಲು ಇನ್ನೊಮ್ಮೆ ರಕ್ತ ತೆಗೆಯಬೇಕಿತ್ತು. ಹೆಂಡತಿ ಅವನತ್ತ ನೋಡದೆ ಮಗಳ ಹೊದಿಕೆ ಸರಿಪಡಿಸಿದಳು. ಬೈದಿದ್ದರೆ ವಾಸಿಯಿತ್ತು.

ಬೆಳಿಗ್ಗೆ ಮೊದಲ ಸೂಜಿಗೆ ಮೂರು ವರ್ಷದ ಮಗಳು ಸೂರು ಹಾರಿಹೋಗುವ ಹಾಗೆ ಕಿರುಚಿ, ಅವನ ಅಂಗಿಯ ಗುಂಡಿಯನ್ನೇ ಕಿತ್ತುಹಾಕಿದ್ದಳು. ಆ ಗುಂಡಿ ಇನ್ನೂ ಅವನ ಜೇಬಿನಲ್ಲಿತ್ತು. ಈಗ ಅವಳನ್ನು ಎದೆಗವಚಿಕೊಂಡು, ಬಿಗಿಯಾಗಿ ಹಿಡಿದು, ಕಣ್ಣು ಮುಚ್ಚಿ ಅವಳ ಕಿರುಚಾಟಕ್ಕೆ ಕಾದ. ಅದು ಬರಲೇ ಇಲ್ಲ.

“ನೋಡಿ, ಈ ಸಲ ಜಾಣೆ ಆಗ್ಬಿಟ್ಳು,” ಎಂದಳು ಹೆಂಡತಿ, ಅವನತ್ತ ತಿರುಗಿ.

ಸೂಜಿ ಆಗಲೇ ಹೊರಗೆ ಬಂದಿತ್ತು. ನರ್ಸ್ ಮಗುವಿನ ಅಂಗಾಲನ್ನು ಒಮ್ಮೆ ಜೋರಾಗಿ ಚಿವುಟಿದಳು, ಮತ್ತೊಮ್ಮೆ ಚಿವುಟಿದಳು. ಕಾಲು ಕದಲಲಿಲ್ಲ. ಆಮೇಲೆ ತುಂಬಿದ ನಳಿಗೆಯನ್ನು ಹಾಸಿಗೆಯ ಮೇಲೆಯೇ ಬಿಟ್ಟು, ಡಾಕ್ಟರನ್ನು ಕೂಗುತ್ತಾ ಓಡಿದಳು.

ಪೇಂಟರ್ ಮಗಳ ಬೆರಳುಗಳನ್ನು ತನ್ನ ಅಂಗಿಯ ಇನ್ನೊಂದು ಗುಂಡಿಯ ಸುತ್ತ ಮಡಚಿದ. “ಕಿತ್ಕೋ ಪುಟ್ಟಿ,” ಎಂದ. “ಇದನ್ನೂ ಕಿತ್ಕೋ.” ಅವನು ಕೈ ಬಿಟ್ಟೊಡನೆ ಬೆರಳುಗಳು ಬಿಚ್ಚಿಕೊಂಡವು.