ಬೆಂಚೆತ್ತಿನ ವ್ಯಾಪಾರ

ಮೂರನೆಯ ಎತ್ತೂ ಬೆನಕಪ್ಪನ ಕೈತಪ್ಪಿತು. ಅದೂ ಒಂದೇ ರೂಪಾಯಿ ಅಂತರದಲ್ಲಿ.

ಎತ್ತು ಅಂದರೆ ಬೆಂಚು. 1958ರ ಬೇಸಿಗೆ. ಶಿಕಾರಿಪುರದ ಛತ್ರವೊಂದರಲ್ಲಿ ಬಿ.ಕಾಂ. ವಿದ್ಯಾರ್ಥಿಗಳ ಶಿಬಿರ. ಪುಸ್ತಕ ಓದಿ ಪಾಸಾಗಬಹುದು, ವ್ಯಾಪಾರಸ್ಥರಾಗಲು ಆಗುವುದಿಲ್ಲ ಎಂದು ಪರಮಶಿವಪ್ಪ ಮೇಷ್ಟ್ರು ಅಣಕು ದನದ ಸಂತೆ ಹೂಡಿದ್ದರು. ತಾವೇ ರೈತ, ಬೆಂಚೇ ಎತ್ತು. ಹಲ್ಲು ಎಣಿಸುವ ತಾಪತ್ರಯವಿಲ್ಲ. ಕೊಳ್ಳುವವರು ಒಬ್ಬೊಬ್ಬರಾಗಿ ಬಂದು, ನಿಜವಾದ ಸಂತೆಯಲ್ಲಿ ಮಾಡುವ ಹಾಗೆಯೇ, ಟವೆಲ್ ಅಡಿ ಮೇಷ್ಟ್ರ ಬೆರಳು ಒತ್ತಿ ಗುಟ್ಟಾಗಿ ದರ ಹೇಳಬೇಕು. ಹೆಚ್ಚು ಹೇಳಿದವರಿಗೆ ಎತ್ತು.

ತಂಡಕ್ಕೆ ಇಬ್ಬರು. ಒಂದರಲ್ಲಿ ಬೆನಕಪ್ಪ, ಜಯಪ್ಪ. ಎದುರು ತಂಡದಲ್ಲಿ ಗಂಗಾಧರಪ್ಪ ಮತ್ತು ದನದ ದಲ್ಲಾಳಿ ವೀರಬಸಪ್ಪನ ಮಗಳು ನೀಲಾಂಬಿಕ. ಹೆಣ್ಣುಮಗಳು ಗಂಡಸಿನ ಕೈ ಹಿಡಿಯುವುದು ಮದುವೆಯಲ್ಲಿ ಮಾತ್ರ ಎಂದು ಮೇಷ್ಟ್ರು ಆಕೆಗೊಂದು ಪೆನ್ಸಿಲ್ ಕೊಟ್ಟು, ಗೆದ್ದವರ ಹೆಸರು ಬರೆಯಲು ಗೋಡೆ ಬದಿ ಕೂರಿಸಿದ್ದರು.

ಬೆನಕಪ್ಪನಿಗೆ ಇದು ಆಟವಲ್ಲ. ಪರೀಕ್ಷೆ ಮುಗಿದೊಡನೆ ಜಯಪ್ಪನ ಜೊತೆ ಸೊರಬದಲ್ಲಿ ಸೈಕಲ್ ಅಂಗಡಿ ಇಡುವವನು. ಮಳಿಗೆ ಗೊತ್ತಾಗಿತ್ತು. ‘ಬೆನಕ-ಜಯ ಸೈಕಲ್ ಮಾರ್ಟ್’ ಬೋರ್ಡಿನ ಬಣ್ಣವೂ ಒಣಗಿತ್ತು.

ದರ ನಿರ್ಧರಿಸುವವನು ಬೆನಕಪ್ಪ, ಟವೆಲ್ ಅಡಿ ಕೈ ಹಾಕುವವನು ಜಯಪ್ಪ. ಅವನ ನಂತರ ಗೋಡೆ ಬದಿಯಿಂದ ಎದ್ದು ಬರುವ ಗಂಗಾಧರಪ್ಪ ಪ್ರತಿಸಲವೂ ಸರಿಯಾಗಿ ಒಂದು ರೂಪಾಯಿ ಮೇಲೆ.

ನಾಲ್ಕನೆಯ ಎತ್ತಿಗೆ ಬೆನಕಪ್ಪ ಕೊನೆಯ ಗಳಿಗೆಯಲ್ಲಿ ದರವನ್ನು ಕಿವಿಯಲ್ಲಿ ಉಸುರಿದ. ಜಯಪ್ಪ ಅಂಗಿಯ ತೋಳು ಮಡಚಿ ನೇರ ಟವೆಲ್ಲಿಗೆ ಹೋದ, ಬೆರಳೊತ್ತಿ ಬಂದ. ಆ ಎತ್ತೂ ಗಂಗಾಧರಪ್ಪನ ಪಾಲಾಯಿತು. ಅದೇ ಒಂದು ರೂಪಾಯಿ.

“ಎಷ್ಟು ಕೊಟ್ಟನಪ್ಪ ನಿಂಗೆ?” ಬೆನಕಪ್ಪ ಕೇಳಿದ.

“ಯಾರು?”

“ಟವೆಲ್ ಒಳಗಿಂದು ಮೇಷ್ಟ್ರಿಗೆ ಗೊತ್ತು, ನಂಗೆ ಗೊತ್ತು, ನಿಂಗೆ ಗೊತ್ತು. ಮೇಷ್ಟ್ರು ಹೇಳಲ್ಲ. ನಾನು ಹೇಳಿಲ್ಲ.”

“ಬೆಂಚಿನ ಆಟಕ್ಕೆ ನನ್ನ ಕಳ್ಳ ಮಾಡ್ತೀಯಲ್ಲೋ ಮಾರಾಯ.”

“ಬೆಂಚಿಗೇ ಹಿಂಗೆ ಮಾಡಿದೋನು ನಾಳೆ ಅಂಗಡಿಗೆ ಏನು ಮಾಡ್ತೀಯೋ. ಬೋರ್ಡಲ್ಲಿ ನಿನ್ನ ಹೆಸರು ಅಳಿಸ್ತೀನಿ.”

ಜಯಪ್ಪ ಟ್ರಂಕು ಎತ್ತಿಕೊಂಡು ಸೊರಬದ ಬಸ್ಸು ಹತ್ತಿದ.

ಸಂಜೆ ಮೇಷ್ಟ್ರು ಗೆದ್ದವರನ್ನು ಎದುರು ನಿಲ್ಲಿಸಿಕೊಂಡರು. “ನಿಜ ಹೇಳ್ರಿ. ಜಯಪ್ಪ ನಿಮಗೆ ದರ ಬಿಟ್ಟುಕೊಟ್ನಾ?”

ಗಂಗಾಧರಪ್ಪ ನೀಲಾಂಬಿಕಳ ಕಡೆ ನೋಡಿದ. ಬೆನಕಪ್ಪನೂ ನೋಡಿದ.

“ಅವ್ರು ಬಾಯೇ ಬಿಡಲಿಲ್ಲ ಸಾರ್,” ಅಂದಳು. “ಟವೆಲ್ಲು ಬೆರಳು ಮುಚ್ಚುತ್ತೆ, ಮೊಣಕೈ ಮುಚ್ಚಲ್ಲ. ಬೆರಳು ಒತ್ತಿದಂಗೆಲ್ಲ ಅದು ಆಡುತ್ತೆ. ನೀವು ನಂಗೆ ಕೈ ಹಾಕಬೇಡ ಅಂದ್ರಲ್ಲ, ಕೂತು ಅದನ್ನೇ ಓದ್ತಿದ್ದೆ.”