ಹೊಗೆ ಕಾಣದ ಗಾಡಿ

ಗಾಡಿ ತಿರುವು ದಾಟಿ ಬಂದಾಗ ಹಾಲಸಿದ್ದನ ಕುರಿಗಳಲ್ಲಿ ಅರ್ಧ ಇನ್ನೂ ಹಳಿಯ ಮೇಲಿದ್ದವು. ಅವನು ಆಚೆ ಬದಿಗೆ ಇಳಿದು, ಹಳಿಗೆ ಬೆನ್ನು ಮಾಡಿ, ಮರಿಯೊಂದನ್ನು ಎತ್ತಿಕೊಳ್ಳುತ್ತಿದ್ದ. ಬುತ್ತಿ ಹೊತ್ತು ಬರುತ್ತಿದ್ದ ಹೆಂಡತಿ ಲಗಮವ್ವ ದೂರದಿಂದಲೇ ಚೀರಿದಳು. ಗಂಡ ಹುಟ್ಟು ಕಿವುಡನೆಂಬುದು ಆ ಗಳಿಗೆಯಲ್ಲಿ ಅವಳಿಗೆ ಮರೆತೇಹೋಗಿತ್ತು. ಕಾಲಡಿಯ ನೆಲ ನಡುಗಿದ ಮೇಲೆ ಅವನು ತಿರುಗಿದ. ಅಷ್ಟರಲ್ಲಿ ಇಂಜಿನ್ನು ಕುರಿಗಳ ಮೇಲೆ ಹಾದುಹೋಗಿತ್ತು.

ರಾಯಬಾಗ ಸ್ಟೇಷನ್ನಿನ ಈಚೆಗಿನ ಈ ಜಾಗದಲ್ಲಿ ಅವನು ಚಿಕ್ಕಂದಿನಿಂದ ಕುರಿ ದಾಟಿಸಿದ್ದ. ಆಗ ಕಲ್ಲಿದ್ದಲು ಹೊತ್ತ ಮಾಲಗಾಡಿಗಳು ಮಿರಜ ಕಡೆಯಿಂದ ತೇಕುತ್ತ ಬರುತ್ತಿದ್ದವು. ಕಬ್ಬಿನ ಮೇಲೆ ಕರಿ ಹೊಗೆ ಎದ್ದರೆ ಸಾಕು, ಕೋಲು ಅಡ್ಡ ಹಿಡಿದು ಕುರಿ ನಿಲ್ಲಿಸುತ್ತಿದ್ದ. ಒಂದು ಮರಿಯೂ ಸತ್ತಿರಲಿಲ್ಲ. ಆಮೇಲೆ ಸಣ್ಣ ಹಳಿ ಕಿತ್ತು ದೊಡ್ಡ ಹಳಿ ಹಾಕಿದರು. ಉಗಿ ಇಂಜಿನ್ನುಗಳು ಹೋದವು. ಅವಕ್ಕೆ ಕಲ್ಲಿದ್ದಲು ತರುತ್ತಿದ್ದ ಗಾಡಿಗಳೂ ನಿಂತವು. ಸ್ಟೇಷನ್ನಿನಲ್ಲಿ ಕಲ್ಲಿದ್ದಲಿನ ರಾಶಿ ಇದ್ದಲ್ಲಿ ಈಗ ಹುಲ್ಲು. ಡೀಸೆಲ್ ಗಾಡಿ ಬಂತೆಂದು ಊರೆಲ್ಲ ಹಿಗ್ಗಿತ್ತು. ಹಳಿ ಕಿತ್ತಾಗಿನಿಂದ ಬೇರೆ ಕಡೆ ಮೇಯಿಸುತ್ತಿದ್ದ ಹಾಲಸಿದ್ದ ಈ ದಾರಿಗೆ ಮರಳಿದ್ದು ಇವತ್ತೇ.

ಗೇಟ್‌ಮನ್ ಸತ್ತೆಪ್ಪ ಏದುಸಿರು ಬಿಡುತ್ತ ಓಡಿಬಂದ.

"ಡ್ರೈವರ ದೂರದಿಂದನ ಹಾರ್ನ ಹೊಡಕೋತ ಬಂದಾನ, ತಂಗಿ."

"ಯಾರಿಗಿ ಹೊಡದಾನೋ ಯಣ್ಣಾ?" ಅಂದಳು ಲಗಮವ್ವ.

ಸತ್ತೆಪ್ಪ ಹಾಲಸಿದ್ದನತ್ತ ನೋಡಿದ. "ಹೊಗಿ ಇಲ್ಲದ ಗಾಡಿ ಬರಾಕತ್ತಾವ ಅಂತ ಅವಗ ಯಾರರ ತಿಳಿಸಬೇಕಿತ್ತು" ಅಂದ.

"ನಾನರ ತಿಳಿಸಬೇಕಿತ್ತು. ನನಗೂ ಹೊಳೀಲಿಲ್ಲ" ಅಂದಳು ಲಗಮವ್ವ.

ಮೂವರೂ ಸೇರಿ ಸತ್ತ ಕುರಿಗಳನ್ನು ಬೇವಿನ ಮರದಡಿ ಎಳೆದು ಹಾಕಿದರು. ಹಾಲಸಿದ್ದ ರುಮಾಲು ಬಿಚ್ಚಿ ಒಂದೊಂದರ ಮೂತಿಯ ರಕ್ತ ಒರೆಸಿದ. ಅಳಲಿಲ್ಲ. ಎಲ್ಲ ಒರೆಸಿಯಾದ ಮೇಲೆ ಹೆಂಡತಿಯ ಸೆರಗು ಹಿಡಿದು ಜಗ್ಗಿದ. ಕುರಿಗಳತ್ತ ಬೆರಳು ತೋರಿಸಿದ. ಆಮೇಲೆ, ಕುರಿ ಒದರುವಾಗ ತೆರೆಯುವಂತೆ ತನ್ನ ಬಾಯಿ ಅಗಲ ತೆರೆದು, ಅವಳ ಮುಖವನ್ನೇ ನೋಡುತ್ತ ನಿಂತ.

ಸಾಯುವಾಗ ಒದರಿದವೇ ಎಂದು ಕೇಳುತ್ತಿದ್ದ.

ಆ ಒದರಾಟ ಸತ್ತೆಪ್ಪನ ಗೇಟಿನ ತನಕ ಕೇಳಿತ್ತು. ಅವನು ಮುಖ ಬೇರೆ ಕಡೆ ಮಾಡಿದ.

ಲಗಮವ್ವ ಗಂಡನ ಕಣ್ಣಲ್ಲಿ ಕಣ್ಣಿಟ್ಟು, ಇಲ್ಲವೆಂದು ನಿಧಾನವಾಗಿ ತಲೆಯಾಡಿಸಿದಳು.