ಮೂರು ಹೊತ್ತಿನ ಸಿರಪ್

ಡಾಕ್ಟರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. ಹೇಳಿದ್ದನ್ನೇ ಹೇಳಿ ಅವರಿಗೂ ಸಾಕಾಗಿತ್ತು.

“ನೋಡ್ರಿ ಅಮ್ಮಾರ, ಲಿವರಿಗೆ ಹೋಗಬೇಕಾದ ರಕ್ತ ಅಡ್ಡದಾರಿ ಹಿಡದೈತಿ. ಹೊಟ್ಟ್ಯಾಗಿನ ವಿಷ ಸೀದಾ ತಲಿಗೆ ಏರತೈತಿ. ಅದಕ್ಕ ಯಜಮಾನ್ರ ಬುದ್ಧಿ ಮಂಕಾಗೈತಿ. ಸಿರಪ್ ಕುಡದು ಹೊಟ್ಟಿ ಸ್ವಚ್ಛ ಆದ್ರ ತಲಿ ತಿಳಿ ಆಗತೈತಿ. ಆಮ್ಯಾಲೇ ಕ್ಯಾನ್ಸರ್ ಗಡ್ಡಿಗೆ ಔಷಧ ಬಿಡಾಕ ಬರತೈತಿ. ತಡಾ ಆದ್ರ ಕೈ ಮೀರತೈತಿ. ಮೂರೂ ಹೊತ್ತು ಕುಡಸಾಕತ್ತೀರಿಲ್ಲೋ?”

“ಹೂನ್ರಿ.”

“ಮತ್ಯಾಕ ತಿಳಿ ಆಗವಲ್ದು?” ಎಂದು ಗೊಣಗುತ್ತ ಅವರು ಮುಂದಿನ ವಾರ್ಡಿಗೆ ಹೋದರು.

ಅವಳು ಗಂಡನ ಮಂಚದ ಬಳಿ ಬಂದಳು. ಮದುವೆಯಾದಾಗಿನಿಂದ ಅವನು ಅವಳನ್ನು ಕರೆದದ್ದು ‘ಏ’ ಎಂದೇ. ಸಾರಿಗೆ ಉಪ್ಪು ಹೆಚ್ಚಾದ ದಿನ ತಾಟು ಗೋಡೆಗೆ ಹೋಗಿ ಬಡಿಯುತ್ತಿತ್ತು. ಈಗ ಅವನು ಒಂದು ಬದಿಗೆ ಸರಿದು ಹಾಸಿಗೆ ತಟ್ಟಿದ.

“ಬಾ, ಕುಂದರ. ಎಷ್ಟ ಸೊರಗೀದಿ... ಉಂಡಿಯೇನ?”

“ಇನ್ನೂ ಇಲ್ರಿ.”

ಅವನು ತನ್ನ ತಾಟಿನ ರೊಟ್ಟಿ ಮುರಿದು ದೊಡ್ಡ ತುಂಡನ್ನು ಅವಳ ಕೈಗಿಟ್ಟ. ತಿನ್ನುವವರೆಗೂ ಅವಳ ಮುಖವನ್ನೇ ನೋಡುತ್ತ ಕೂತ.

ಹೊರಗಿನಿಂದ ನರ್ಸ್ ಕೂಗಿದಳು: “ಅಜ್ಜಾರಿಗೆ ಸಿರಪ್ ಕೊಟ್ರೇನ್ರಿ?”

ಅವಳು ಎದ್ದು ಮುಚ್ಚಳದ ತುಂಬ ಸಿರಪ್ ಅಳೆದುಕೊಂಡಳು. ಮೂಲೆಯ ಬೇಸಿನ್ನಿಗೆ ಸುರಿದು ನಲ್ಲಿ ಬಿಟ್ಟಳು.

“ಕೊಟ್ಟೀನ್ರಿ, ಸಿಸ್ಟರ್.”